ಗಿಣ್ಣು ಮಾಡಲು ಬಂದರೆ ಬ್ಲ್ಯಾಕ್ ಪುಡಿಂಗ್ ಕೂಡ ಬರುತ್ತದೆ

ಇಂಗ್ಲೆಂಡಿಗೆ ಹೊಸದಾಗಿ ಬಂದವರಿಗೆ ಹೋಟೆಲಿನ ಬೆಳಗಿನ ತಿಂಡಿ ತಟ್ಟೆಯಲ್ಲಿ ಗುರುತು ಸಿಗದ ವಸ್ತು ಒಂದೇ. ಮೊಟ್ಟೆ ಗೊತ್ತು, ಬೇಕನ್ ಗೊತ್ತು, ಬೀನ್ಸ್ ಗೊತ್ತು. ಪಕ್ಕದಲ್ಲಿ ಕಪ್ಪಗೆ, ದುಂಡಗೆ, ಸೀದುಹೋದ ವಡೆಯ ಹಾಗೆ ಕೂತಿರುವುದು ಏನು? ಕೇಳಿದರೆ ಬ್ಲ್ಯಾಕ್ ಪುಡಿಂಗ್ ಅನ್ನುತ್ತಾರೆ. ಪುಡಿಂಗ್ ಅಂದರೆ ಸಿಹಿ ಅಲ್ವಾ ಅಂತ ನಾನೂ ಬಾಯಿಗೆ ಹಾಕಿಕೊಂಡವನೇ. ಉಪ್ಪು, ಮೆಣಸು, ಓಟ್ಸ್, ಸ್ವಲ್ಪ ಕೊಬ್ಬು. ಚೆನ್ನಾಗಿತ್ತು. ಅರ್ಧ ತಿಂದ ಮೇಲೆ ಅದು ಹಂದಿ ರಕ್ತದ ಸಾಸೇಜ್ ಅಂತ ತಿಳಿಯಿತು. ಉಳಿದರ್ಧವನ್ನೂ ತಿಂದೆ. (ಪುಡಿಂಗ್ ಅನ್ನುವ ಪದಕ್ಕೆ ಮೊದಲು ಇದ್ದ ಅರ್ಥವೇ ಕರುಳಿನಲ್ಲಿ ತುಂಬಿ ಬೇಯಿಸಿದ್ದು ಅಂತ. ಸಿಹಿಗೆ ಆ ಹೆಸರು ಅಂಟಿಕೊಂಡದ್ದು ಆಮೇಲೆ.)

ರಕ್ತ ಅಂದ ಕೂಡಲೇ ಮುಖ ಸಿಂಡರಿಸುವವರು ಇದ್ದೇ ಇರುತ್ತಾರೆ. ಆದರೆ ನಮ್ಮ ಕಡೆ ಊರ ಹಬ್ಬದಲ್ಲಿ ಮರಿ ಕುಯ್ದ ದಿನ ಮೊದಲು ಒಲೆ ಏರುವುದು ಈರುಳ್ಳಿ ಹಾಕಿ ಹುರಿದ ರಕ್ತದ ಪಲ್ಯವೇ. ಮಂಗಳೂರು, ಗೋವಾ ಕಡೆಯ ಹಂದಿ ಮಾಂಸದ ಅಡುಗೆಯಾದ ಸೊರ್ಪೊತೆಲ್‌ಗೂ ಹಳೆಯ ಪದ್ಧತಿಯಲ್ಲಿ ಹಂದಿ ರಕ್ತ ಬೀಳುತ್ತದೆ. ಬ್ರಿಟನ್ನಿನ ಕತೆಯೂ ಬೇರೆ ಅಲ್ಲ. ಚಳಿಗಾಲಕ್ಕೆ ಮೊದಲು, ನವೆಂಬರ್ 11ರ ಸಂತ ಮಾರ್ಟಿನ್ ಹಬ್ಬದ ಹೊತ್ತಿಗೆ, ಹಳ್ಳಿಗಳಲ್ಲಿ ಸಾಕಿದ ಪ್ರಾಣಿಗಳನ್ನು ಕಡಿಯುತ್ತಿದ್ದರು. ಮಾಂಸಕ್ಕೆ ಉಪ್ಪು ಹಾಕಿ ಇಡಬಹುದು. ರಕ್ತವನ್ನು ಇಡಲು ಆಗುವುದಿಲ್ಲ, ಅವತ್ತೇ ಏನಾದರೂ ಮಾಡಬೇಕು. ಮನೆಯಲ್ಲಿದ್ದ ಧಾನ್ಯ, ನೆಣ, ಈರುಳ್ಳಿ ಬೆರೆಸಿ ಅದೇ ಪ್ರಾಣಿಯ ಕರುಳಿಗೆ ತುಂಬಿ ಬೇಯಿಸಿದರು.

ನಾನು ಮೊದಲ ಸಲ ಮನೆಯಲ್ಲಿ ಮಾಡಿದಾಗ ನಾಲ್ಕು ಸಾಸೇಜಿನಲ್ಲಿ ಮೂರು ಒಡೆದವು. ಪಾತ್ರೆ ತುಂಬ ಕಂದು ನೀರು, ಅದರಲ್ಲಿ ಬಾರ್ಲಿ ಕಾಳು ತೇಲಾಟ. ಉಳಿದ ಒಂದು ರಬ್ಬರಿನ ಹಾಗಿತ್ತು. ಅದನ್ನು ಕೊಯ್ದು ನೋಡಿದಾಗ ಒಳಗೆ ಸಣ್ಣ ಸಣ್ಣ ತೂತು. ಆ ತೂತು ಎಲ್ಲೋ ನೋಡಿದ್ದೇನಲ್ಲ ಅನಿಸಿತು. ಜಾಸ್ತಿ ಉರಿಯಲ್ಲಿ ಬೇಯಿಸಿದ ಗಿಣ್ಣು!

ಅಲ್ಲಿಂದ ಎಲ್ಲ ಸುಲಭವಾಯಿತು. ಗಿಣ್ಣು ಹಾಲು ಬಿಸಿಗೆ ತಾನಾಗಿ ಗಟ್ಟಿಯಾಗುತ್ತದೆ. ಯಾಕೆಂದರೆ ಅದರಲ್ಲಿ ಪ್ರೋಟೀನ್ ಜಾಸ್ತಿ. ರಕ್ತವೂ ಹಾಗೆಯೇ. 60 ಡಿಗ್ರಿ ದಾಟಿದ ಮೇಲೆ ಮಂದವಾಗುತ್ತಾ ಬಂದು 75 ಡಿಗ್ರಿ ಹೊತ್ತಿಗೆ ಚೆನ್ನಾಗಿ ಕಟ್ಟಿಕೊಳ್ಳುತ್ತದೆ. ಅದರ ಮೇಲೆ ಕುದಿಸಿದರೆ ಪ್ರೋಟೀನ್ ಹಿಂಡಿದಂತಾಗಿ ನೀರು ಬಿಡುತ್ತದೆ, ತೂತು ಬೀಳುತ್ತದೆ. ಹಾಗಾಗಿ ಕೆಳಗೆ ಹೇಳುವ ಎಷ್ಟೋ ಮಾತು ನಿಮಗೆ ಗೊತ್ತಿರುವುದೇ. ಗಿಣ್ಣು ಮಾಡುವಾಗ ಏನು ಜೋಪಾನ ಮಾಡುತ್ತೀರೋ ಅದನ್ನೇ ಇಲ್ಲೂ ಮಾಡಿ.

ಯಾವ ಊರಿನದು?

ಬ್ಲ್ಯಾಕ್ ಪುಡಿಂಗ್ ಅಂದರೆ ಒಂದೇ ಅಲ್ಲ. ಮ್ಯಾಂಚೆಸ್ಟರ್ ಪಕ್ಕದ ಬೆರಿ ಊರಿನದು ಬಾರ್ಲಿ, ಓಟ್ಸ್ ಎರಡೂ ಇರುವ, ಬಿಳಿ ಕೊಬ್ಬಿನ ತುಂಡು ಎದ್ದು ಕಾಣುವ ಪುಡಿಂಗ್. ಅಲ್ಲಿನ ಮಾರುಕಟ್ಟೆಯಲ್ಲಿ ಬಿಸಿನೀರಿನಿಂದ ಎತ್ತಿ, ಉದ್ದಕ್ಕೆ ಸೀಳಿ, ಸಾಸಿವೆ ಅಥವಾ ವಿನೆಗರ್ ಹಾಕಿ ಕೈಗೆ ಕೊಡುತ್ತಾರೆ. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟಾರ್ನೊವೆ ಪುಡಿಂಗಿನಲ್ಲಿ ಓಟ್ಸ್ ಮತ್ತು ದನದ ಕೊಬ್ಬು ಇರುತ್ತದೆ. ಅದಕ್ಕೆ 2013ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ನಮ್ಮ ನಂಜನಗೂಡು ರಸಬಾಳೆಗೆ ಇರುವ ಹಾಗೆ. ಬೇರೆ ಕಡೆ ಮಾಡಿದ್ದಕ್ಕೆ ಆ ಹೆಸರು ಇಡುವ ಹಾಗಿಲ್ಲ.

ನಾನು ಇಲ್ಲಿ ಹೇಳುವುದು ಬೆರಿ ಕಡೆಯ ಬಗೆ. ಅಂದ ಹಾಗೆ, ಬೆರಿ ಪಕ್ಕದ ರ‍್ಯಾಮ್ಸ್‌ಬಾಟಮ್‌ನಲ್ಲಿ ಸೆಪ್ಟೆಂಬರ್ ತಿಂಗಳಲ್ಲಿ ಬ್ಲ್ಯಾಕ್ ಪುಡಿಂಗ್ ಎಸೆಯುವ ವಿಶ್ವ ಸ್ಪರ್ಧೆ ನಡೆಯುತ್ತದೆ. ಸುಮಾರು 20 ಅಡಿ ಎತ್ತರದ ಕಟ್ಟೆ ಮೇಲೆ ಯಾರ್ಕ್‌ಶೈರ್ ಪುಡಿಂಗುಗಳನ್ನು (ಇವು ರಕ್ತದವಲ್ಲ, ಹಿಟ್ಟು, ಮೊಟ್ಟೆ, ಹಾಲು ಕಲಸಿ ಓವನ್ನಿನಲ್ಲಿ ಉಬ್ಬಿಸಿದವು) ಪೇರಿಸಿ, ಕೆಳಗಿನಿಂದ ಬ್ಲ್ಯಾಕ್ ಪುಡಿಂಗ್ ಎಸೆದು ಅವನ್ನು ಬೀಳಿಸಬೇಕು. ಬೆರಿ ಸೇರಿದ್ದ ಲ್ಯಾಂಕಶೈರಿನವರಿಗೂ ಪಕ್ಕದ ಯಾರ್ಕ್‌ಶೈರಿನವರಿಗೂ ಇರುವ ಹಳೆಯ ಜಿದ್ದು ಇದು. ಎಸೆಯುವಾಗ ಒಡೆಯಬಾರದು ಅಂತ ಪುಡಿಂಗಿಗೆ ಹೆಂಗಸರ ಕಾಲುಚೀಲದ ಬಟ್ಟೆ ಸುತ್ತುತ್ತಾರೆ. ನನ್ನ ಮೊದಲ ಸಲದ ರಬ್ಬರ್ ಪುಡಿಂಗಿಗೆ ಅದೂ ಬೇಕಾಗುತ್ತಿರಲಿಲ್ಲ.

ರಕ್ತ ಎಲ್ಲಿಂದ?

ಮನೆಯಲ್ಲಿ ಮಾಡುವವರಿಗೆ ಒಣ ರಕ್ತದ ಪುಡಿಯೇ ಸರಿ. ಸಾಸೇಜ್ ಸಾಮಾನು ಮಾರುವ ಆನ್‌ಲೈನ್ ಅಂಗಡಿಗಳಲ್ಲಿ ಸಿಗುತ್ತದೆ. ಪರಿಚಯದ ಮಾಂಸದಂಗಡಿಯವರನ್ನು ಕೇಳಿದರೆ ಅವರೂ ತರಿಸಿ ಕೊಡುತ್ತಾರೆ. ಪುಡಿ ಅಂದರೆ ಕಳಪೆ ಅಂದುಕೊಳ್ಳಬೇಡಿ. ಇಲ್ಲಿ ಅಂಗಡಿಯಲ್ಲಿ ಮಾರುವ ಬ್ಲ್ಯಾಕ್ ಪುಡಿಂಗಿನಲ್ಲಿ ಹೆಚ್ಚಿನವು ಇದೇ ಪುಡಿಯಿಂದ ಆಗುವಂಥವು. ಬಣ್ಣ, ಹದ ಪ್ರತಿ ಸಲ ಒಂದೇ ತರಹ ಬರುತ್ತದೆ.

ಹಸಿ ರಕ್ತ ಬೇಕೇ ಬೇಕು ಅನ್ನುವವರು ಪರವಾನಗಿ ಇರುವ, ಪ್ರಾಣಿಗಳ ತಪಾಸಣೆ ನಡೆಯುವ ಕಸಾಯಿಖಾನೆಯಿಂದಲೇ ತರಬೇಕು. ಸಿಗುವುದು ಕಷ್ಟ. ಸಿಕ್ಕರೆ ತಣ್ಣಗೆ ಇಟ್ಟುಕೊಂಡು ಬಂದು ಅವತ್ತೇ ಬಳಸಬೇಕು. ರಕ್ತ ಹಿಡಿಯುವಾಗಲೇ ಕೈಬಿಡದೆ ತಿರುಗಿಸಿ ನಾರಿನಂಥ ಎಳೆಗಳನ್ನು ತೆಗೆದಿರಬೇಕು. ಇಲ್ಲದಿದ್ದರೆ ಹೆಪ್ಪುಗಟ್ಟುತ್ತದೆ. ನಮ್ಮ ಊರಿನ ಮಟನ್ ಅಂಗಡಿಗಳಲ್ಲಿ ಲಿವರ್ ತುಂಡಿನ ಹಾಗೆ ಕಟ್ಟಿಕೊಂಡ ರಕ್ತ ಕೊಡುತ್ತಾರಲ್ಲ, ಪಲ್ಯಕ್ಕೆ ಅದು ಬಹಳ ಚೆನ್ನ, ಆದರೆ ಇದಕ್ಕೆ ನಡೆಯುವುದಿಲ್ಲ. ಇಲ್ಲಿ ರಕ್ತ ನೀರಾಗಿಯೇ ಇರಬೇಕು, ಧಾನ್ಯದ ನಡುವೆ ಹರಿದು ಹೋಗಿ ಆಮೇಲೆ ಗಟ್ಟಿಯಾಗಬೇಕು.

ಬೇಕಾಗುವ ಸಾಮಾನು

ಈ ಅಳತೆಗೆ ಒಂದು ಕಿಲೋ ಮೇಲೆ ಸ್ವಲ್ಪ ಪುಡಿಂಗ್ ಆಗುತ್ತದೆ. ಒಣ ರಕ್ತದ ಪುಡಿ 75 ಗ್ರಾಂ, ಅದಕ್ಕೆ ಉಗುರುಬೆಚ್ಚಗಿನ ನೀರು 425 ಮಿಲಿ ಲೀಟರ್ (ಪ್ಯಾಕೆಟ್ ಮೇಲೆ ಬೇರೆ ಅಳತೆ ಇದ್ದರೆ ಅದನ್ನೇ ಅನುಸರಿಸಿ). ಹಂದಿಯ ಬೆನ್ನಿನ ಗಟ್ಟಿ ಕೊಬ್ಬು 150 ಗ್ರಾಂ. ಒಂದು ದೊಡ್ಡ ಈರುಳ್ಳಿ. ಪರ್ಲ್ ಬಾರ್ಲಿ 75 ಗ್ರಾಂ. ಪಿನ್‌ಹೆಡ್ ಓಟ್ಸ್ 75 ಗ್ರಾಂ. ನುಣ್ಣಗಿನ ಓಟ್ಸ್ ಹಿಟ್ಟು 40 ಗ್ರಾಂ. ಉಪ್ಪು 16 ಗ್ರಾಂ. ಬಿಳಿ ಮೆಣಸಿನ ಪುಡಿ ಒಂದು ಟೀ ಚಮಚ, ಧನಿಯಾ ಪುಡಿ ಒಂದು ಟೀ ಚಮಚ, ಜಾಪತ್ರೆ ಪುಡಿ ಕಾಲು ಚಮಚ, ಲವಂಗದ ಪುಡಿ ಎರಡು ಚಿಟಿಕೆ, ಒಣಗಿದ ಪುದೀನ ಒಂದು ಚಮಚ.

ಉಪ್ಪನ್ನು ಕಣ್ಣಂದಾಜಿನಲ್ಲಿ ಹಾಕಬೇಡಿ, ತೂಕ ಮಾಡಿ. ಬಾರ್ಲಿ, ಓಟ್ಸ್ ಎರಡೂ ಉಪ್ಪನ್ನು ನುಂಗಿಬಿಡುತ್ತವೆ.

ಪಿನ್‌ಹೆಡ್ ಓಟ್ಸ್ ಅಂದರೆ ನಮ್ಮ ಲೆಕ್ಕದಲ್ಲಿ ಓಟ್ಸಿನ ನುಚ್ಚು. ಕಾಳನ್ನು ಎರಡು ಮೂರು ತುಂಡು ಮಾಡಿರುತ್ತಾರೆ. ಬೆಳಗ್ಗೆ ಗಂಜಿ ಮಾಡುವ ಚಪ್ಪಟೆ ಓಟ್ಸ್ ಹಾಕಿದರೆ ಕರಗಿ ಅಂಟಾಗುತ್ತದೆ. ಅದು ಬೇಡ.

ಪುದೀನ ಯಾಕೆ ಅಂತ ಕೇಳಬಹುದು. ಲ್ಯಾಂಕಶೈರಿನ ಹಳೆಯ ಮನೆಗಳಲ್ಲಿ ಪೆನಿರಾಯಲ್ ಅನ್ನುವ, ಪುದೀನದ ಜಾತಿಗೆ ಸೇರಿದ ಸೊಪ್ಪನ್ನು ಹಾಕುತ್ತಿದ್ದರು. ಅದರ ಎಣ್ಣೆ ಲಿವರ್‌ಗೆ ವಿಷ, ಬಸುರಿಯರಿಗಂತೂ ಹತ್ತಿರವೂ ತರಬಾರದು. ಸಾಮಾನ್ಯ ಪುದೀನ ಹಾಕಿದರೆ ಅದರ ನೆನಪು ಬರುತ್ತದೆ, ಅಪಾಯ ಇಲ್ಲ.

ಹಿಂದಿನ ರಾತ್ರಿಯ ಕೆಲಸ

ಪಿನ್‌ಹೆಡ್ ಓಟ್ಸನ್ನು ಮುಳುಗುವಷ್ಟು ನೀರಿನಲ್ಲಿ ನೆನೆಹಾಕಿ. ಉಪ್ಪಿನಲ್ಲಿಟ್ಟ ಕರುಳು ತಂದಿದ್ದರೆ ಅದನ್ನು ಫ್ರಿಜ್ಜಿನಲ್ಲೇ ಬಿಡಿ, ಅದರ ಸರದಿ ಬೆಳಗ್ಗೆ. ರಕ್ತದ ಪುಡಿಯನ್ನು ರಾತ್ರಿಯೇ ಕಲಸಿ ಇಡಬೇಡಿ. ಪುಡಿ ತಿಂಗಳುಗಟ್ಟಲೆ ಇರುತ್ತದೆ, ನೀರು ಬಿದ್ದ ಮೇಲೆ ಅದು ಹಸಿ ರಕ್ತವೇ. ಅವತ್ತೇ ಮುಗಿಸಬೇಕು.

ಧಾನ್ಯ, ನೆಣ, ಈರುಳ್ಳಿ

ಬೆಳಗ್ಗೆ ಬಾರ್ಲಿಯನ್ನು ಜಾಸ್ತಿ ನೀರಿನಲ್ಲಿ ಅರ್ಧ ಗಂಟೆಗೂ ಮೇಲೆ ಬೇಯಿಸಿ. ಬೆರಳಲ್ಲಿ ಒತ್ತಿದರೆ ಮೆತ್ತಗಾಗಬೇಕು, ಆದರೆ ಕಾಳು ಒಡೆದಿರಬಾರದು. ನೀರು ಬಸಿದು ತಟ್ಟೆಯಲ್ಲಿ ಹರಡಿ ಆರಲು ಬಿಡಿ. ನೆನೆದ ಓಟ್ಸಿನ ನುಚ್ಚನ್ನು ಹತ್ತು ನಿಮಿಷ ಬೇಯಿಸಿ ಅದನ್ನೂ ಬಸಿಯಿರಿ.

ಈ ಹಂತವನ್ನು ಅವಸರ ಮಾಡಿದವರೆಲ್ಲ ಆಮೇಲೆ ಪಶ್ಚಾತ್ತಾಪ ಪಡುತ್ತಾರೆ. ಪುಡಿಂಗ್ 75 ಡಿಗ್ರಿಗೆ ಗಟ್ಟಿಯಾಗುತ್ತದೆ ಅಂದೆನಲ್ಲ, ಆ ಬಿಸಿಗೆ ರಕ್ತ ಬೇಯುತ್ತದೆ, ಹಸಿ ಬಾರ್ಲಿ ಬೇಯುವುದಿಲ್ಲ. ಅರೆಬೆಂದ ಕಾಳು ಒಳಗೆ ಕೂತು ರಕ್ತದ ನೀರನ್ನೆಲ್ಲ ಹೀರಿ ಉಬ್ಬುತ್ತದೆ. ಕರುಳು ತಡೆಯುವುದಿಲ್ಲ, ಬಿರಿಯುತ್ತದೆ. ನನ್ನ ಮೂರು ಸಾಸೇಜ್ ಒಡೆಯಲು ಅರ್ಧ ಕಾರಣ ಇದು. ಉಳಿದರ್ಧ ಕುದಿಯುವ ನೀರು.

ಧಾನ್ಯ ಬಿಸಿಯಾಗಿದ್ದಾಗ ರಕ್ತಕ್ಕೆ ಹಾಕಬೇಡಿ ಅಂತ ಬೇರೆ ಹೇಳಬೇಕಿಲ್ಲ. ಅಲ್ಲಲ್ಲೇ ಗಂಟು ಕಟ್ಟುತ್ತದೆ. ಎಲ್ಲವೂ ತಣ್ಣಗಿರಲಿ.

ಕೊಬ್ಬನ್ನು ಅರ್ಧ ಗಂಟೆ ಫ್ರೀಜರಿನಲ್ಲಿಟ್ಟು ತೆಗೆದರೆ ಕೊಯ್ಯಲು ಸಲೀಸು. ಕಡಲೆಕಾಳಿನ ಗಾತ್ರಕ್ಕೆ ಹೆಚ್ಚಿ. ಕುದಿಯುವ ನೀರಿಗೆ ಹಾಕಿ ಎರಡು ನಿಮಿಷದಲ್ಲಿ ತೆಗೆದುಬಿಡಿ. ಹೀಗೆ ಮಾಡಿದರೆ ಮೇಲಿನ ಜಿಡ್ಡು ಹೋಗುತ್ತದೆ, ತುಂಡು ಗಟ್ಟಿಯಾಗಿ ಉಳಿಯುತ್ತದೆ, ಕೊಯ್ದಾಗ ಕಪ್ಪಿನ ನಡುವೆ ಬಿಳಿ ಚುಕ್ಕೆ ಚೆಂದ ಕಾಣುತ್ತದೆ. ಕೊಬ್ಬು ಕಡಿಮೆ ಮಾಡೋಣ ಅಂತ ಕೆಲವರಿಗೆ ಅನಿಸುತ್ತದೆ. ಮಾಡಬೇಡಿ. ಕೊಬ್ಬಿಲ್ಲದ ಬ್ಲ್ಯಾಕ್ ಪುಡಿಂಗ್ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅದಕ್ಕಿಂತ ಒಂದು ಬಿಲ್ಲೆ ಕಡಿಮೆ ತಿನ್ನಿ.

ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ, ಒಂದು ಚಮಚ ಹಂದಿ ಕೊಬ್ಬಿನಲ್ಲಿ ಸಣ್ಣ ಉರಿಯಲ್ಲಿ ಬಾಡಿಸಿ. ಕೆಂಪಾಗಬಾರದು. ಮಸಾಲೆ ಪುಡಿಗಳನ್ನು ಈ ಬಿಸಿಗೇ ಹಾಕಿ ಕೈಯಾಡಿಸಿ ಇಳಿಸಿ. ಇದು ಇಲ್ಲಿನವರ ಪದ್ಧತಿ ಅಲ್ಲ, ಅವರು ಒಣ ಮಸಾಲೆಯನ್ನು ನೇರವಾಗಿ ಕಲಸುತ್ತಾರೆ. ನನ್ನ ಕೈ ಕೇಳುವುದಿಲ್ಲ.

ಕಲಸುವುದು

ದೊಡ್ಡ ಪಾತ್ರೆಗೆ ಉಗುರುಬೆಚ್ಚಗಿನ ನೀರು ಹಾಕಿ, ಮೇಲಿಂದ ರಕ್ತದ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಉದುರಿಸುತ್ತಾ ತಂತಿಯ ಕಡೆಗೋಲಿನಿಂದ (ವಿಸ್ಕ್) ತಿರುಗಿಸಿ. ಪುಡಿಯ ಮೇಲೆ ನೀರು ಸುರಿದರೆ ಗಂಟು ಬಿಡಿಸಲು ಆಗುವುದಿಲ್ಲ. ರಾಗಿ ಅಂಬಲಿ ಕಾಸಿದವರಿಗೆ ಇದು ಗೊತ್ತು. ನೀರು ಬಿಸಿ ಇದ್ದರೂ ಗಂಟೇ. ಹತ್ತು ನಿಮಿಷ ಬಿಟ್ಟು ಜರಡಿಯಲ್ಲಿ ಸೋಸಿಕೊಳ್ಳಿ.

ಈಗ ಉಪ್ಪು, ಓಟ್ಸ್ ಹಿಟ್ಟು, ಈರುಳ್ಳಿ, ಬಾರ್ಲಿ, ನುಚ್ಚು, ಕೊಬ್ಬು ಎಲ್ಲ ಸೇರಿಸಿ ಕಲಸಿ. ಮುಚ್ಚಿ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಈ ಅರ್ಧ ಗಂಟೆಯಲ್ಲಿ ಓಟ್ಸ್ ಹಿಟ್ಟು ನೀರು ಎಳೆದುಕೊಂಡು ಮಿಶ್ರಣ ಮಂದವಾಗುತ್ತದೆ. ತೆಳ್ಳಗಿದ್ದರೆ ಕೊಬ್ಬು ಮೇಲೆ ತೇಲುತ್ತದೆ, ಬಾರ್ಲಿ ತಳ ಸೇರುತ್ತದೆ. ಸೌಟಿನಲ್ಲಿ ಎತ್ತಿ ಸುರಿದಾಗ ಇಡ್ಲಿ ಹಿಟ್ಟಿಗಿಂತ ಸ್ವಲ್ಪ ಸಡಿಲ ಇರಬೇಕು. ನೀರಾಗಿದ್ದರೆ ಇನ್ನೊಂದು ಚಮಚ ಓಟ್ಸ್ ಹಿಟ್ಟು ಹಾಕಿ.

ಉಪ್ಪು ನೋಡಲು ಹಸಿಯದನ್ನು ನಾಲಿಗೆಗೆ ಹಚ್ಚಬೇಡಿ. ಒಂದು ಚಮಚ ಕಾವಲಿ ಮೇಲೆ ಹಾಕಿ ದೋಸೆಯ ಹಾಗೆ ಎರಡೂ ಕಡೆ ಬೇಯಿಸಿ ತಿಂದು ನೋಡಿ. ಕೆಂಪು ಹೋಗಿ ಕಪ್ಪಾಗುವುದನ್ನೂ ಆಗಲೇ ನೋಡಬಹುದು. ಹಿಮೋಗ್ಲೋಬಿನ್ ಬಿಸಿಗೆ ಬದಲಾಗಿ ಬಣ್ಣ ಕಂದುಗಪ್ಪು ಆಗುತ್ತದೆ. ಹೆಸರಿನ 'ಬ್ಲ್ಯಾಕ್' ಬಂದದ್ದು ಇಲ್ಲಿಂದ, ಯಾವ ಬಣ್ಣವನ್ನೂ ಹಾಕುವುದಿಲ್ಲ.

ಟಿನ್ನಿನಲ್ಲಿ ಅಥವಾ ಕರುಳಿನಲ್ಲಿ

ಮೊದಲ ಸಲ ಮಾಡುವವರು ಕರುಳಿನ ಗೋಜಿಗೆ ಹೋಗಬೇಡಿ. ಬ್ರೆಡ್ ಮಾಡುವ ಉದ್ದನೆ ಟಿನ್ನಿಗೆ ಬೇಕಿಂಗ್ ಕಾಗದ ಹಾಸಿ ಮಿಶ್ರಣ ಸುರಿಯಿರಿ. ಮೇಲೆ ಫಾಯಿಲ್ ಬಿಗಿಯಾಗಿ ಮುಚ್ಚಿ. ದೊಡ್ಡ ಟ್ರೇಯಲ್ಲಿ ಟಿನ್ ಇಟ್ಟು, ಟಿನ್ನಿನ ಅರ್ಧದವರೆಗೆ ಬಿಸಿನೀರು ಹಾಕಿ 160 ಡಿಗ್ರಿಯ ಓವನ್ನಿನಲ್ಲಿಡಿ. ಪಾತ್ರೆಯೊಳಗೆ ಪಾತ್ರೆ, ನಡುವೆ ನೀರು. ಗಿಣ್ಣಿನ ಪದ್ಧತಿಯೇ ತಾನೆ? ಒಂದು ಗಂಟೆಗೆ ತೆಗೆದು ನಟ್ಟನಡುವೆ ಥರ್ಮಾಮೀಟರ್ ಚುಚ್ಚಿ ನೋಡಿ. 75 ಬಂದಿದ್ದರೆ ಆಯಿತು. ಇಲ್ಲದಿದ್ದರೆ ಹತ್ತು ಹತ್ತು ನಿಮಿಷ ಮುಂದುವರಿಸಿ. ಟಿನ್ನಿನಲ್ಲಿ ಹಿಡಿಯದೆ ಉಳಿದದ್ದನ್ನು ಸಣ್ಣ ಬಟ್ಟಲಿಗೆ ಹಾಕಿ ಅದೇ ಟ್ರೇಯಲ್ಲಿಡಿ, ಅದು ಬೇಗ ಆಗುತ್ತದೆ.

ಕರುಳಿನಲ್ಲೇ ಮಾಡಬೇಕು ಅನ್ನುವವರಿಗೆ: ಉಪ್ಪಿನಲ್ಲಿಟ್ಟ ಹಂದಿ ಕರುಳೋ, ಸ್ವಲ್ಪ ಅಗಲದ ದನದ ಕರುಳೋ ತನ್ನಿ. ಬೋಟಿ ತೊಳೆದು ಅಭ್ಯಾಸ ಇರುವವರಿಗೆ ಇದು ಮಕ್ಕಳಾಟ, ಯಾಕೆಂದರೆ ಇವು ಶುಚಿ ಮಾಡಿಯೇ ಬಂದಿರುತ್ತವೆ. ಒಂದೆರಡು ಗಂಟೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಒಂದು ಬಾಯಿಯನ್ನು ನಲ್ಲಿಗೆ ಹಿಡಿದು ಒಳಗೂ ನೀರು ಹರಿಸಿ. ಎಲ್ಲಾದರೂ ತೂತಿದ್ದರೆ ಆಗಲೇ ಚಿಮ್ಮುತ್ತದೆ. ಅಲ್ಲಿಗೆ ಕತ್ತರಿಸಿಬಿಡಿ. ಅರ್ಧ ಮೀಟರ್ ಉದ್ದದ ತುಂಡು ಮಾಡಿ ಒಂದು ತುದಿಯನ್ನು ದಾರದಿಂದ ಎರಡು ಸುತ್ತು ಬಿಗಿಯಿರಿ.

ಸಾಸೇಜ್ ಮೆಷಿನ್ ಬೇಡ. ಮಿಶ್ರಣ ಸಡಿಲ ಇರುವುದರಿಂದ ಎಲ್ಲ ಕಡೆ ಸೋರುತ್ತದೆ. ಅಗಲ ಬಾಯಿಯ ಲಾಳಿಕೆ ಮತ್ತು ಸೌಟು ಸಾಕು. ಒಬ್ಬರು ಲಾಳಿಕೆ, ಕರುಳು ಹಿಡಿದುಕೊಳ್ಳಲಿ, ಇನ್ನೊಬ್ಬರು ಪ್ರತಿ ಸಲ ತಳದಿಂದ ತಿರುಗಿಸಿ ಸುರಿಯಲಿ. ತಿರುಗಿಸದಿದ್ದರೆ ಮೊದಲ ಸಾಸೇಜಿಗೆ ಕೊಬ್ಬೆಲ್ಲ ಹೋಗಿ ಕೊನೆಯದಕ್ಕೆ ಬರೀ ಬಾರ್ಲಿ ಉಳಿಯುತ್ತದೆ. ಮುಕ್ಕಾಲು ಭಾಗ ಮಾತ್ರ ತುಂಬಿ. ಗಾಳಿಯನ್ನು ಹಿಂಡಿ ಹೊರಗೆ ಹಾಕಿ, ಬಾಯಿ ಕಟ್ಟಿ, ಎರಡೂ ತುದಿಗಳನ್ನು ಸೇರಿಸಿ ಗಂಟು ಹಾಕಿದರೆ ಬೆರಿಯ ಕುದುರೆ ಲಾಳದ ಆಕಾರ ಬರುತ್ತದೆ.

ಅಗಲವಾದ ಪಾತ್ರೆಯಲ್ಲಿ ನೀರನ್ನು 80 ಡಿಗ್ರಿಗೆ ತನ್ನಿ. ಥರ್ಮಾಮೀಟರ್ ಇಲ್ಲದಿದ್ದರೆ ನೀರಿನಲ್ಲಿ ಹಬೆ ಏಳಬೇಕು, ಗುಳ್ಳೆ ಮೇಲಕ್ಕೆ ಬರಬಾರದು. ಸಾಸೇಜನ್ನು ಮೆಲ್ಲಗೆ ಇಳಿಸಿ. ನೀರು 85 ದಾಟದಂತೆ ನೋಡಿಕೊಂಡು 30ರಿಂದ 40 ನಿಮಿಷ ಬೇಯಿಸಿ. ಈ ಹೊತ್ತಿನಲ್ಲಿ ಒಲೆ ಬಿಟ್ಟು ಫೋನ್ ನೋಡಲು ಹೋಗಬೇಡಿ. ಅರ್ಧ ಗಂಟೆ ಆದ ಮೇಲೆ ಸೂಜಿಯಿಂದ ಚುಚ್ಚಿ. ಕಂದು ನೀರು ಬಂದರೆ ಬೆಂದಿದೆ. ಕೆಂಪು ಬಂದರೆ ಇನ್ನೂ ಇದೆ. ಹಳಬರು ಮಾಡುತ್ತಿದ್ದ ಪರೀಕ್ಷೆ ಇದು, ಆದರೂ ಥರ್ಮಾಮೀಟರ್ ಇದ್ದರೆ ಒಳಗೆ 75 ಆಗಿದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ತೆಗೆದು ತಣ್ಣೀರಿನಲ್ಲಿ ಅದ್ದಿ, ಒರೆಸಿ, ಒಂದು ಹನಿ ಎಣ್ಣೆ ಸವರಿದರೆ ಅಂಗಡಿಯ ಹೊಳಪು ಬರುತ್ತದೆ.

ಯಾವ ಬಗೆಯಲ್ಲಿ ಮಾಡಿದರೂ ಬಿಸಿ ಆರಿದ ಕೂಡಲೇ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಬೇಕು. ರಾತ್ರಿಯಿಡೀ ಅಲ್ಲೇ ಇರಲಿ. ಬಿಸಿಯಲ್ಲೇ ಕೊಯ್ದರೆ ಪುಡಿಪುಡಿ ಆಗುತ್ತದೆ. ಅವತ್ತೇ ರುಚಿ ನೋಡುವ ಆಸೆ ತಡೆಯದಿದ್ದರೆ ಆ ಸಣ್ಣ ಬಟ್ಟಲು ಇದೆಯಲ್ಲ.

ತಿನ್ನುವುದು, ಇಡುವುದು

ಬೆರಳಿನ ದಪ್ಪಕ್ಕೆ ಬಿಲ್ಲೆ ಕೊಯ್ದು, ಕಾವಲಿಗೆ ನಾಲ್ಕು ಹನಿ ಎಣ್ಣೆ ಹಾಕಿ, ಹದವಾದ ಉರಿಯಲ್ಲಿ ಒಂದೊಂದು ಕಡೆ ಮೂರು ನಿಮಿಷ. ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಪದೇ ಪದೇ ತಿರುವಬೇಡಿ. ಕರಿದ ಮೊಟ್ಟೆ, ಬೇಕನ್, ಟೊಮೆಟೊ ಜೊತೆ ಇಟ್ಟರೆ ಇಂಗ್ಲಿಷರ ಬೆಳಗಿನ ತಿಂಡಿ. ಬೆಣ್ಣೆಯಲ್ಲಿ ಹುರಿದ ಸೇಬಿನ ಹೋಳು ಇದಕ್ಕೆ ಒಳ್ಳೆಯ ಜೋಡಿ. ಬೆರಿಯವರ ಹಾಗೆ ತಿನ್ನಬೇಕಿದ್ದರೆ ಇಡಿಯದನ್ನೇ ಕುದಿಯದ ಬಿಸಿನೀರಿನಲ್ಲಿ ಚೆನ್ನಾಗಿ ಕಾಯಿಸಿ, ಸೀಳಿ, ಸಾಸಿವೆ ಹಚ್ಚಿ. ಅವರು ಮಾಲ್ಟ್ ವಿನೆಗರ್ ಹಾಕುವ ಜಾಗದಲ್ಲಿ ನಾನು ಎರಡು ಹನಿ ಕೊಡಗಿನ ಕಾಚಂಪುಳಿ ಹಾಕುತ್ತೇನೆ. ಹಂದಿಗೂ ಕಾಚಂಪುಳಿಗೂ ಇರುವ ನಂಟು ಕೊಡವರಿಗೆ ಗೊತ್ತಿದೆ, ಬೆರಿಯವರಿಗೆ ಗೊತ್ತಿಲ್ಲ ಅಷ್ಟೆ. ಅಕ್ಕಿ ರೊಟ್ಟಿಯ ಜೊತೆಗೂ ನಡೆಯುತ್ತದೆ.

ಫ್ರಿಜ್ಜಿನಲ್ಲಿ ಮೂರು ದಿನ ಇಡಬಹುದು. ಉಳಿದದ್ದನ್ನು ಬಿಲ್ಲೆ ಮಾಡಿ, ನಡುವೆ ಕಾಗದ ಇಟ್ಟು ಫ್ರೀಜರಿಗೆ ಹಾಕಿದರೆ ಎರಡು ತಿಂಗಳು ಚೆನ್ನಾಗಿರುತ್ತದೆ. ಇದರಲ್ಲಿ ಕಬ್ಬಿಣದ ಅಂಶ ಬಹಳ. ಮೈಯಲ್ಲಿ ಕಬ್ಬಿಣ ಜಾಸ್ತಿಯಾಗುವ ಕಾಯಿಲೆ ಇರುವವರು ತಿನ್ನಬಾರದು. ನೆಂಟರಿಗೆ ಬಡಿಸುವ ಮುಂಚೆ ಇದು ಏನು ಅಂತ ಬಾಯಿಬಿಟ್ಟು ಹೇಳಿ. ಮುಸ್ಲಿಮರಿಗೆ, ಯಹೂದಿಗಳಿಗೆ ಹಂದಿಯೂ ನಿಷಿದ್ಧ, ರಕ್ತವೂ ನಿಷಿದ್ಧ. ನಮ್ಮ ಸಸ್ಯಾಹಾರಿ ಗೆಳೆಯರಂತೂ ಹೆಸರು ಕೇಳಿ ಸಿಹಿ ಅಂತ ಕೈ ಹಾಕಿಬಿಡುತ್ತಾರೆ.

ಕೊನೆಗೆ ಪಾತ್ರೆ ತೊಳೆಯುವ ಮಾತು. ರಕ್ತ ಕಲಸಿದ ಪಾತ್ರೆ, ಲಾಳಿಕೆ, ಜರಡಿ, ಏಪ್ರನ್ ಎಲ್ಲವನ್ನೂ ಮೊದಲು ತಣ್ಣೀರಿನಲ್ಲಿ ತೊಳೆಯಿರಿ. ಜಿಡ್ಡು ಇದೆ ಅಂತ ಸುಮ್ನೆ ಬಿಸಿನೀರು ಸುರಿದರೆ ಜರಡಿಯ ತೂತಿನಲ್ಲೇ ಅದು ಗಿಣ್ಣಾಗಿ ಕೂರುತ್ತದೆ. ಆಮೇಲೆ ಸೂಜಿ ಹಿಡಿದು ಒಂದೊಂದೇ ತೂತು ಬಿಡಿಸಬೇಕು. ನಾನು ಬಿಡಿಸಿದ್ದೇನೆ.